ಎರಡು ತಂತಿ, ಒಂದು ಮನೆ: ಬ್ರಾಡ್‌ಬ್ಯಾಂಡ್ ಪೈಪೋಟಿ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಗೆ ಇಂಟರ್ನೆಟ್ ತಲುಪಿಸುವ ವಿಷಯದಲ್ಲಿ ಕೇಬಲ್ ಕಂಪನಿಗಳಿಗೂ ಟೆಲಿಫೋನ್ ಕಂಪನಿಗಳಿಗೂ ಕಾಲು ಶತಮಾನದಿಂದ ನಡೆದು ಬಂದಿರುವ ಪೈಪೋಟಿಯ ಬಗ್ಗೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಆರನ್ನು ಆಯ್ದುಕೊಂಡಿದ್ದೇನೆ. ಈ ಪೈಪೋಟಿ ಎಲ್ಲಕ್ಕಿಂತ ಜೋರಾಗಿ ನಡೆದದ್ದು ಅಮೆರಿಕದಲ್ಲಿ. ಹಾಗಾಗಿ ಇಲ್ಲಿನ ಉದಾಹರಣೆಗಳು ಹೆಚ್ಚಾಗಿ ಅಲ್ಲಿನವು, ಕೆಲವು ಯುರೋಪಿನವು.

ಪ್ರಶ್ನೆ: ಟೆಲಿಫೋನ್ ಕಂಪನಿ ಹುಟ್ಟಿದ್ದು ಮಾತು ಸಾಗಿಸಲು, ಕೇಬಲ್ ಕಂಪನಿ ಹುಟ್ಟಿದ್ದು ಟಿ.ವಿ. ತೋರಿಸಲು. ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡು ಉದ್ಯಮಗಳು ಇಂಟರ್ನೆಟ್ಟಿನ ವಿಷಯದಲ್ಲಿ ಎದುರಾಳಿಗಳಾದದ್ದು ಹೇಗೆ?

ಉತ್ತರ: ಇಬ್ಬರ ಬಳಿಯೂ ಇದ್ದ ದೊಡ್ಡ ಆಸ್ತಿ ಒಂದೇ ಬಗೆಯದು, ಮನೆಮನೆಯ ಗೋಡೆಯವರೆಗೂ ಎಳೆದಿಟ್ಟ ತಂತಿ. ಬೀದಿ ಅಗೆದು, ಕಂಬ ನೆಟ್ಟು, ಪ್ರತಿ ಮನೆಗೂ ಹೊಸದಾಗಿ ತಂತಿ ಎಳೆಯುವುದೇ ಈ ವ್ಯವಹಾರದಲ್ಲಿ ಅತಿ ದುಬಾರಿಯಾದ ಕೆಲಸ. ಇಂಟರ್ನೆಟ್ ಜನಪ್ರಿಯವಾಗುವ ಹೊತ್ತಿಗೆ ಆ ಕೆಲಸವನ್ನು ಮುಗಿಸಿ, ಅದರ ಖರ್ಚನ್ನೂ ಬೇರೆ ಸೇವೆಯಿಂದ ಬಹುಮಟ್ಟಿಗೆ ಗಳಿಸಿಕೊಂಡಿದ್ದವರು ಇವರಿಬ್ಬರೇ.

ಟೆಲಿಫೋನಿನ ತಂತಿ ಎಂದರೆ ಒಂದರ ಸುತ್ತ ಒಂದನ್ನು ಹೊಸೆದ ತಾಮ್ರದ ಎರಡು ಎಳೆಗಳು. ಗೋಡೆಯಲ್ಲಿರುವ ಸಂಪರ್ಕದ ಡಬ್ಬಿಯ ಮುಚ್ಚಳ ಬಿಚ್ಚಿ ನೋಡಿದರೆ ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಆ ಎಳೆಗಳು ಎರಡು ಸ್ಕ್ರೂಗಳ ಕೆಳಗೆ ಸಿಕ್ಕಿಕೊಂಡಿರುವುದು ಕಾಣುತ್ತದೆ. ಇಷ್ಟು ಸಣ್ಣದರ ಮೇಲೆ ಇಷ್ಟು ದೊಡ್ಡ ಉದ್ಯಮ ನಿಂತಿತ್ತೇ ಎಂದು ಅಚ್ಚರಿಯಾಗುತ್ತದೆ. ಮಾತು ಅರ್ಥವಾಗಲು ಆ ತಂತಿಯಲ್ಲಿ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಫ್ರೀಕ್ವೆನ್ಸಿಗಳು ಹೋದರೆ ಸಾಕು. ಡಯಲ್-ಅಪ್ ಮೋಡೆಮ್ ಆ ಕಿರಿದಾದ ಪಟ್ಟಿಯೊಳಗೇ ಓಡಾಡಬೇಕಾಗಿದ್ದರಿಂದ ಸೆಕೆಂಡಿಗೆ 56 ಕಿಲೋಬಿಟ್ ದಾಟಲಾಗಲಿಲ್ಲ. ಅದಕ್ಕಿಂತ ಮೇಲಿನ ಫ್ರೀಕ್ವೆನ್ಸಿಗಳೆಲ್ಲ ಖಾಲಿ ಬಿದ್ದಿದ್ದವು. ಸುಮಾರು 11 ಲಕ್ಷ ಹರ್ಟ್ಸ್‌ವರೆಗಿನ ಆ ಖಾಲಿ ಜಾಗವನ್ನು ಬಳಸಿಕೊಂಡದ್ದೇ ಎಡಿಎಸ್‌ಎಲ್, ಅಂದರೆ ಟೆಲಿಫೋನ್ ತಂತಿಯ ಮೇಲೆ ದತ್ತಾಂಶ ಸಾಗಿಸುವ ಡಿಎಸ್‌ಎಲ್ ಎಂಬ ತಂತ್ರದ ಒಂದು ಬಗೆ. ವಿಶೇಷವೆಂದರೆ 1980ರ ದಶಕದ ಕೊನೆಯಲ್ಲಿ ಅಮೆರಿಕದ ಬೆಲ್‌ಕೋರ್ ಪ್ರಯೋಗಾಲಯದಲ್ಲಿ ಈ ತಂತ್ರ ರೂಪುಗೊಂಡಾಗ ಅದರ ಮುಂದಿದ್ದ ಗುರಿ ಇಂಟರ್ನೆಟ್ ಆಗಿರಲಿಲ್ಲ. ಬಯಸಿದ ಸಿನಿಮಾವನ್ನು ಟೆಲಿಫೋನ್ ತಂತಿಯ ಮೂಲಕ ಮನೆಗೆ ಕಳುಹಿಸುವುದು, ಅಂದರೆ ಕೇಬಲ್‌ನವರ ವ್ಯಾಪಾರಕ್ಕೇ ಕೈ ಹಾಕುವುದು, ಟೆಲಿಫೋನ್ ಕಂಪನಿಗಳ ಆಸೆಯಾಗಿತ್ತು.

ಕೇಬಲ್‌ನ ಕಥೆ ಬೇರೆ. ಅಮೆರಿಕದಲ್ಲಿ 1948ರ ಸುಮಾರಿಗೆ, ಬೆಟ್ಟಗಳ ಮರೆಯಿಂದಾಗಿ ಟಿ.ವಿ. ಪ್ರಸಾರ ಸಿಗದ ಊರುಗಳಲ್ಲಿ ಎತ್ತರದ ಜಾಗದಲ್ಲೊಂದು ಆಂಟೆನಾ ನಿಲ್ಲಿಸಿ, ಅಲ್ಲಿಂದ ಮನೆಗಳಿಗೆ ತಂತಿ ಎಳೆದಾಗ ಅದು ಹುಟ್ಟಿತು. ಕೋಆಕ್ಸಿಯಲ್ ಎನ್ನುವ ಆ ದಪ್ಪ ತಂತಿಯ ನಡುವೆ ಒಂದು ಲೋಹದ ಕಡ್ಡಿ, ಸುತ್ತ ಬಿಳಿಯ ಪ್ಲಾಸ್ಟಿಕ್, ಅದರ ಸುತ್ತ ಲೋಹದ ಹೊದಿಕೆ. ಹಲವು ಕೋಟಿ ಹರ್ಟ್ಸ್‌ಗಳ ಸಂಕೇತಗಳು ಅದರಲ್ಲಿ ಹೊರಗೆ ಸೋರದೆ ಹೋಗುತ್ತವೆ. ಟಿ.ವಿ. ಚಾನೆಲ್ ಒಂದಕ್ಕೆ ಮೀಸಲಾದ 6 ಮೆಗಾಹರ್ಟ್ಸ್ ಜಾಗದಲ್ಲಿ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ದತ್ತಾಂಶ ಕಳುಹಿಸಬಹುದೆಂದಾಗ ಕೇಬಲ್ ಕಂಪನಿಗಳಿಗೆ ತಮ್ಮ ಕೈಯಲ್ಲಿರುವುದು ಏನೆಂಬುದು ತಿಳಿಯಿತು. 1997ರಲ್ಲಿ ಡಾಕ್ಸಿಸ್ ಎಂಬ ಸಮಾನ ಮಾನದಂಡ ಬಂದ ಮೇಲೆ ಯಾವ ತಯಾರಕರ ಕೇಬಲ್ ಮೋಡೆಮನ್ನಾದರೂ ಯಾವ ಕಂಪನಿಯ ಜಾಲಕ್ಕಾದರೂ ಜೋಡಿಸಲು ದಾರಿಯಾಯಿತು.

ಇವೆರಡರ ನಡುವೆ ಇದ್ದ ಕಾನೂನಿನ ಗೋಡೆಯನ್ನು ತೆಗೆದದ್ದು 1996ರ ಫೆಬ್ರವರಿಯಲ್ಲಿ ಬಂದ ಅಮೆರಿಕದ ದೂರಸಂಪರ್ಕ ಕಾಯ್ದೆ. ಅದುವರೆಗೆ ಟೆಲಿಫೋನ್ ಕಂಪನಿ ತನ್ನ ವ್ಯಾಪ್ತಿಯಲ್ಲೇ ಕೇಬಲ್ ಟಿ.ವಿ. ನಡೆಸುವಂತಿರಲಿಲ್ಲ. ಇವರು ಅವರ ಕ್ಷೇತ್ರಕ್ಕೂ ಅವರು ಇವರ ಕ್ಷೇತ್ರಕ್ಕೂ ಇಳಿದು ದರ ತಗ್ಗಲಿ ಎಂಬುದು ಕಾಯ್ದೆಯ ಹಿಂದಿದ್ದ ಲೆಕ್ಕ. ಆದರೆ ನಿಜವಾದ ಕಾಳಗ ನಡೆದದ್ದು ಆ ಕಾಯ್ದೆಯಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಪ್ರಸ್ತಾಪವಾಗಿದ್ದ ಇಂಟರ್ನೆಟ್ಟಿಗಾಗಿ.

ಪ್ರಶ್ನೆ: ಕೇಬಲ್ ಸಂಪರ್ಕವನ್ನು ನೆರೆಹೊರೆಯವರೊಂದಿಗೆ ಹಂಚಿಕೊಳ್ಳಬೇಕು, ಡಿಎಸ್‌ಎಲ್ ಸಂಪರ್ಕ ಮಾತ್ರ ಪೂರ್ತಿ ನಮ್ಮದೇ ಎಂದು ಓದಿದ್ದೇನೆ. ಇದು ನಿಜವೇ?

ಉತ್ತರ: ಅರ್ಧ ನಿಜ. ಟೆಲಿಫೋನ್ ಕಂಪನಿಗಳು ತಮ್ಮ ಜಾಹೀರಾತುಗಳಲ್ಲಿ ಈ ಅರ್ಧವನ್ನೇ ಹೇಳಿ ಇನ್ನರ್ಧವನ್ನು ಬಿಟ್ಟವು.

ಕೇಬಲ್‌ನಲ್ಲಿ ಒಂದು ಬಡಾವಣೆಯ ನೂರಾರು ಮನೆಗಳು ಒಂದೇ ಕೋಆಕ್ಸಿಯಲ್ ತಂತಿಗೆ ಜೋತುಬಿದ್ದಿರುತ್ತವೆ. ಮೊದಮೊದಲು ಆ 38 ಮೆಗಾಬಿಟ್‌ನ ಒಂದೇ ಚಾನೆಲನ್ನು ಅವೆಲ್ಲವೂ ಹಂಚಿಕೊಳ್ಳುತ್ತಿದ್ದವು. ಸಂಜೆ ಎಲ್ಲರೂ ಮನೆಗೆ ಬಂದು ಒಟ್ಟಿಗೆ ಕೂತಾಗ ವೇಗ ಕುಸಿಯುವುದು ಸಹಜವೇ. ಆದರೆ ಇದಕ್ಕೆ ಕಂಪನಿಯ ಕೈಯಲ್ಲೇ ಮದ್ದಿತ್ತು. ಫೈಬರ್, ಅಂದರೆ ಬೆಳಕಿನ ಮೂಲಕ ದತ್ತಾಂಶ ಸಾಗಿಸುವ ಗಾಜಿನ ಎಳೆ, ಬಂದು ಕೋಆಕ್ಸಿಯಲ್‌ಗೆ ಸೇರುವ ಜಾಗವನ್ನು ನೋಡ್ ಎನ್ನುತ್ತಾರೆ. ಒಂದು ನೋಡನ್ನು ಎರಡಾಗಿ ಒಡೆದರೆ ಪ್ರತಿಯೊಂದರ ಪಾಲಿನ ಮನೆಗಳು ಅರ್ಧಕ್ಕೆ ಇಳಿಯುತ್ತವೆ. 2006ರಲ್ಲಿ ಬಂದ ಡಾಕ್ಸಿಸ್ 3.0 ಹಲವು ಚಾನೆಲ್‌ಗಳನ್ನು ಒಂದಾಗಿ ಕಟ್ಟಿ ಬಳಸಲು ಅವಕಾಶ ಕೊಟ್ಟಿತು. ಬೀದಿಯ ತಂತಿಯನ್ನು ಮುಟ್ಟದೆ, ಎರಡು ತುದಿಯ ಯಂತ್ರಗಳನ್ನು ಬದಲಿಸಿ ವೇಗವನ್ನು ಹತ್ತಾರು ಪಟ್ಟು ಏರಿಸುವ ಈ ಅನುಕೂಲವೇ ಕೇಬಲ್‌ನವರನ್ನು ಮುಂದಕ್ಕೆ ಒಯ್ದದ್ದು ಎಂಬುದು ನನ್ನ ಅಭಿಪ್ರಾಯ.

ಡಿಎಸ್‌ಎಲ್‌ನಲ್ಲಿ ನಿಮ್ಮ ಮನೆಯಿಂದ ಟೆಲಿಫೋನ್ ಎಕ್ಸ್‌ಚೇಂಜ್‌ವರೆಗಿನ ತಂತಿ ನಿಜಕ್ಕೂ ನಿಮ್ಮೊಬ್ಬರದೇ. ಅಲ್ಲಿಂದಾಚೆಗೆ ಎಲ್ಲವೂ ಹಂಚಿಕೆಯೇ. ಎಕ್ಸ್‌ಚೇಂಜ್‌ನಿಂದ ಹೊರಡುವ ದಾರಿ ಕಿರಿದಾಗಿದ್ದರೆ ಅಲ್ಲಿಯೂ ಸಂಜೆ ದಟ್ಟಣೆಯಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ದೂರದ್ದು. ತಾಮ್ರದ ಎಳೆಯಲ್ಲಿ ಮೇಲಿನ ಫ್ರೀಕ್ವೆನ್ಸಿಗಳು ಬೇಗ ಸೊರಗುತ್ತವೆ. ಎಕ್ಸ್‌ಚೇಂಜ್‌ನ ಪಕ್ಕದ ಮನೆಗೆ ಸೆಕೆಂಡಿಗೆ 8 ಮೆಗಾಬಿಟ್ ಸಿಕ್ಕರೆ, ತಂತಿಯ ಉದ್ದ ಐದೂವರೆ ಕಿಲೋಮೀಟರ್ ಮೀರಿದ ಮನೆಗೆ ಸಂಪರ್ಕ ಸಿಗುವುದೇ ಕಷ್ಟ. ಇದರ ಮೇಲೆ ಹಳೆಯ ಕಾಲದ ಇನ್ನೊಂದು ತೊಡಕೂ ಇತ್ತು. ಉದ್ದನೆಯ ತಂತಿಗಳಲ್ಲಿ ಮಾತು ಸ್ಪಷ್ಟವಾಗಿ ಕೇಳಲೆಂದು ಕಂಪನಿಗಳು ದಶಕಗಳ ಹಿಂದೆ ಅಲ್ಲಲ್ಲಿ ಲೋಡ್ ಕಾಯಿಲ್ ಎಂಬ ಸುರುಳಿಗಳನ್ನು ಜೋಡಿಸಿದ್ದವು. ಮಾತಿಗೆ ಅನುಕೂಲವಾದ ಆ ಸುರುಳಿಯೇ ಮೇಲಿನ ಫ್ರೀಕ್ವೆನ್ಸಿಗಳನ್ನು ತಡೆಯುತ್ತದೆ. ಅದನ್ನು ಹುಡುಕಿ ಕಿತ್ತುಹಾಕುವವರೆಗೆ ಆ ಮನೆಗೆ ಡಿಎಸ್‌ಎಲ್ ಇಲ್ಲ.

ಈಗಿನ ಫೈಬರ್ ಸಂಪರ್ಕವೂ ಹಂಚಿಕೆಯದೇ ಎಂಬುದು ಹಲವರಿಗೆ ಗೊತ್ತಿಲ್ಲ. ಹೆಚ್ಚು ಬಳಕೆಯಲ್ಲಿರುವ ಜಿಪಾನ್ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ 32 ಮನೆಗಳು ಒಂದು ಎಳೆಯ ಎರಡೂವರೆ ಗಿಗಾಬಿಟ್‌ನಷ್ಟು ವೇಗವನ್ನು ಹಂಚಿಕೊಳ್ಳುತ್ತವೆ. ಆದ್ದರಿಂದ ಹಂಚಿಕೆ ಇದೆಯೋ ಇಲ್ಲವೋ ಎಂದು ಕೇಳಿದರೆ ಉಪಯೋಗವಿಲ್ಲ. ಎಷ್ಟು ವೇಗವನ್ನು ಎಷ್ಟು ಮನೆಗಳಿಗೆ ಹಂಚಿದ್ದೀರಿ ಎಂದು ಕೇಳಬೇಕು.

ಪ್ರಶ್ನೆ: ಡೌನ್‌ಲೋಡ್ ವೇಗ ಚೆನ್ನಾಗಿದ್ದರೂ ಅಪ್‌ಲೋಡ್ ಏಕೆ ಇಷ್ಟು ಕಡಿಮೆ? ಕಂಪನಿಗಳು ಬೇಕೆಂದೇ ಹೀಗೆ ಮಾಡುತ್ತವೆಯೇ?

ಉತ್ತರ: ಕೇಬಲ್‌ನಲ್ಲಿ, ಆರಂಭದಲ್ಲಿ ಅಲ್ಲ. ಕೇಬಲ್ ಜಾಲವನ್ನು ಕಟ್ಟಿದ್ದು ಕೇಂದ್ರದಿಂದ ಮನೆಗೆ ಚಿತ್ರ ಕಳುಹಿಸಲು. ದಾರಿಯಲ್ಲಿದ್ದ ಆಂಪ್ಲಿಫೈಯರ್‌ಗಳು ಒಂದೇ ದಿಕ್ಕಿಗೆ ಕೆಲಸ ಮಾಡುತ್ತಿದ್ದವು. ಇಂಟರ್ನೆಟ್ಟಿಗಾಗಿ ಅವನ್ನೆಲ್ಲ ಎರಡು ದಿಕ್ಕಿನವಾಗಿ ಬದಲಿಸಿದಾಗ, ಟಿ.ವಿ. ಚಾನೆಲ್‌ಗಳ ಕೆಳಗೆ ಉಳಿದಿದ್ದ 5ರಿಂದ 42 ಮೆಗಾಹರ್ಟ್ಸ್‌ವರೆಗಿನ ಸಣ್ಣ ಜಾಗವಷ್ಟೇ ಅಪ್‌ಲೋಡಿಗೆ ಸಿಕ್ಕಿತು. ಆ ಜಾಗವೂ ಗದ್ದಲದ್ದು. ಮರದಲ್ಲಿ ಹರಡಿದ ರೆಂಬೆಗಳು ಕಾಂಡಕ್ಕೆ ಸೇರುವಂತೆ ಎಲ್ಲ ಮನೆಗಳಿಂದ ಬರುವ ವಿದ್ಯುತ್ ಗದ್ದಲವೂ ಒಂದೇ ಕಡೆ ಬಂದು ಕೂಡುತ್ತದೆ.

ಇದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಒಮ್ಮೆ ನಮ್ಮ ಮನೆಯ ಕೇಬಲ್ ಇಂಟರ್ನೆಟ್ ಮೂರು ವಾರ ದಿನವೂ ಹಲವು ಸಲ ಕಡಿದುಹೋಗುತ್ತಿತ್ತು. ಕಂಪನಿಯವರು ಎರಡು ಸಲ ಮೋಡೆಮ್ ಬದಲಿಸಿದರೂ ಸರಿಹೋಗಲಿಲ್ಲ. ಮೂರನೆಯ ಸಲ ಬಂದ ತಂತ್ರಜ್ಞರು ಮೋಡೆಮನ್ನು ಮುಟ್ಟಲೇ ಇಲ್ಲ. ಗೋಡೆಯ ಕನೆಕ್ಟರುಗಳನ್ನು ಒಂದೊಂದಾಗಿ ಬೆರಳಿನಿಂದ ತಿರುಗಿಸಿ ನೋಡಿದರು. ಯಾರೂ ಬಳಸದ ಕೋಣೆಯೊಂದರಲ್ಲಿ ಕನೆಕ್ಟರ್ ಕಾಲು ಸುತ್ತಿನಷ್ಟು ಸಡಿಲವಾಗಿತ್ತು, ಒಳಗಿನ ತಾಮ್ರದ ಮೊನೆ ಕಪ್ಪಾಗಿತ್ತು. ಅವರು ಮೊನೆಯನ್ನು ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ಸ್ಪ್ಯಾನರಿನಿಂದ ಬಿಗಿದರು. ಆ ಸಡಿಲ ಜಾಗದಿಂದ ಒಳನುಗ್ಗುತ್ತಿದ್ದ ಗದ್ದಲ ಅದೇ ನೋಡಿನ ಇತರ ಮನೆಗಳ ಅಪ್‌ಲೋಡನ್ನೂ ಕೆಡಿಸುತ್ತಿತ್ತೆಂದು ಅವರು ಹೇಳಿದಾಗಲೇ ನನಗೆ ಈ ಜಾಲದ ಸ್ವಭಾವ ಮನದಟ್ಟಾದದ್ದು.

ಎಡಿಎಸ್‌ಎಲ್‌ನಲ್ಲಿ ಮಾತ್ರ ಅಸಮಾನತೆ ಬೇಕೆಂದೇ ಇಟ್ಟದ್ದು, ಆದರೆ ಸಕಾರಣವಾಗಿ. ಒಂದೇ ಕಟ್ಟಿನಲ್ಲಿರುವ ನೂರಾರು ಜೋಡಿ ತಂತಿಗಳು ಎರಡೂ ದಿಕ್ಕಿಗೆ ಒಂದೇ ಫ್ರೀಕ್ವೆನ್ಸಿಯಲ್ಲಿ ಕೂಗಿದರೆ ಒಂದರ ದನಿ ಇನ್ನೊಂದಕ್ಕೆ ಸೋರುತ್ತದೆ. ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಎಂದು ಹಂಚಿದರೆ ಆ ಸೋರಿಕೆ ತಗ್ಗುತ್ತದೆ ಎಂಬುದು ಬೆಲ್‌ಕೋರ್‌ನ ಜೋಸೆಫ್ ಲೆಕ್‌ಲೈಡರ್ ಅವರ ಹೊಳಹು. ಆದರೆ ಈಗ ಎಲ್ಲರೂ ಮನೆಯಿಂದಲೇ ವಿಡಿಯೊ ಸಭೆ ನಡೆಸುವ, ಫೋಟೊಗಳನ್ನು ದೂರದಲ್ಲಿ ಸಂಗ್ರಹಿಸಿಡುವ ಕಾಲ ಬಂದ ಮೇಲೂ ಹಳೆಯ ಹಂಚಿಕೆಯನ್ನೇ ಮುಂದುವರಿಸುವುದಕ್ಕೆ ತಂತ್ರಜ್ಞಾನದ ಕಾರಣ ಉಳಿದಿಲ್ಲ. ಫೈಬರಿನಲ್ಲಿ ಎರಡೂ ದಿಕ್ಕಿಗೆ ಸಮಾನ ವೇಗ ಕೊಡಬಹುದು. ಅಮೆರಿಕದ ಟೆಲಿಫೋನ್ ಕಂಪನಿ ವೆರೈಝನ್ ಫೈಯೋಸ್ ಎಂಬ ತನ್ನ ಫೈಬರ್ ಸೇವೆಯಲ್ಲಿ 2014ರಿಂದ ಹಾಗೆ ಕೊಡುತ್ತಿದೆ.

ಪ್ರಶ್ನೆ: ಕೇಬಲ್ ಒಂದು, ಟೆಲಿಫೋನ್ ಒಂದು, ಹೀಗೆ ಎರಡು ಕಂಪನಿಗಳಿದ್ದರೆ ಗ್ರಾಹಕರಿಗೆ ಅಷ್ಟು ಸಾಕಲ್ಲವೇ? ಸರ್ಕಾರ ನಡುವೆ ಬರಬೇಕಾದ ಅಗತ್ಯವೇನು?

ಉತ್ತರ: ಈ ಪತ್ರಗಳಲ್ಲೆಲ್ಲ ಮುಖ್ಯವಾದ ಪ್ರಶ್ನೆ ಇದೇ. ಒಂದಕ್ಕಿಂತ ಎರಡು ಖಂಡಿತ ಮೇಲು. ಅದಕ್ಕೆ ಜರ್ಮನಿಯೇ ಸಾಕ್ಷಿ. ಅಲ್ಲಿ ಡಾಯ್ಚ ಟೆಲಿಕಾಮ್ ಕಂಪನಿಯ ಕೈಯಲ್ಲಿ ಟೆಲಿಫೋನ್ ಜಾಲವೂ ಇತ್ತು, ಕೇಬಲ್ ಜಾಲವೂ ಇತ್ತು. ತನ್ನ ಎಡಗೈಯ ವಿರುದ್ಧ ಬಲಗೈಯನ್ನು ಯಾರು ತಾನೇ ಎತ್ತುತ್ತಾರೆ? ಕೇಬಲನ್ನು ಎರಡು ದಿಕ್ಕಿನದಾಗಿ ಮಾಡಿ ಇಂಟರ್ನೆಟ್ ಕೊಟ್ಟರೆ ತನ್ನದೇ ಡಿಎಸ್‌ಎಲ್‌ಗೆ ಪೆಟ್ಟು. ಹಾಗಾಗಿ ಕೇಬಲ್ ಜಾಲ ಹಿಂದೆ ಬಿತ್ತು. ಯುರೋಪಿನ ಒಕ್ಕೂಟದ ಒತ್ತಡವೂ ಸಾಲದ ಹೊರೆಯೂ ಸೇರಿ ಕಂಪನಿ ಆ ಜಾಲವನ್ನು ಭಾಗಭಾಗವಾಗಿ ಮಾರಿ 2003ರಲ್ಲಿ ಪೂರ್ತಿ ಕೈತೊಳೆದುಕೊಂಡ ಮೇಲೆಯೇ ಅಲ್ಲಿ ಕೇಬಲ್ ಬ್ರಾಡ್‌ಬ್ಯಾಂಡ್ ತಲೆಯೆತ್ತಿದ್ದು.

ಆದರೆ ಇಬ್ಬರೇ ಇದ್ದಾಗ ಇನ್ನೊಂದು ಕಷ್ಟ. ಬಯಲಿನಲ್ಲಿ ಇಬ್ಬರೇ ಓಟಗಾರರಿದ್ದರೆ ಹಿಂದಿನವನಿಗಿಂತ ಒಂದು ಹೆಜ್ಜೆ ಮುಂದಿದ್ದರೆ ಸಾಕು, ಓಡಲೇಬೇಕೆಂದಿಲ್ಲ. ಇದನ್ನು ಅರಿತೇ 1996ರ ಅಮೆರಿಕದ ಕಾಯ್ದೆ ಟೆಲಿಫೋನ್ ಕಂಪನಿಗಳು ತಮ್ಮ ತಾಮ್ರದ ತಂತಿಗಳನ್ನು ಹೊಸ ಸಂಸ್ಥೆಗಳಿಗೆ ನಿಗದಿತ ದರದಲ್ಲಿ ಬಾಡಿಗೆಗೆ ಕೊಡಬೇಕೆಂದು ವಿಧಿಸಿತ್ತು. ಕೋವಾಡ್, ನಾರ್ತ್‌ಪಾಯಿಂಟ್, ರಿದಮ್ಸ್ ಮುಂತಾದ ಕಂಪನಿಗಳು ಎಕ್ಸ್‌ಚೇಂಜ್‌ಗಳೊಳಗೆ ತಮ್ಮ ಯಂತ್ರಗಳನ್ನಿಟ್ಟು ಡಿಎಸ್‌ಎಲ್ ಮಾರಿದ್ದು ಹೀಗೆಯೇ. ಎದುರಾಳಿಯ ಕಟ್ಟಡದಲ್ಲಿ ಜಾಗ ಕೇಳಿ, ಎದುರಾಳಿಯ ನೌಕರರೇ ಬಂದು ತಂತಿ ಜೋಡಿಸುವುದನ್ನು ಕಾಯಬೇಕಾದ ವ್ಯಾಪಾರ ಎಷ್ಟು ದಿನ ನಡೆದೀತು? 2001ರಲ್ಲಿ ಷೇರು ಪೇಟೆಯ ಹಣವೂ ಬತ್ತಿದಾಗ ಮೂರೂ ದಿವಾಳಿಯ ದಾರಿ ಹಿಡಿದವು. ಚೇತರಿಸಿಕೊಂಡು ಎದ್ದದ್ದು ಕೋವಾಡ್ ಒಂದೇ.

ಇತ್ತ ಕೇಬಲ್ ಕಂಪನಿಗಳಿಗೆ ಈ ಬಾಡಿಗೆಯ ನಿಯಮವೇ ಇರಲಿಲ್ಲ. ಕೇಬಲ್ ಜಾಲವನ್ನೂ ಇತರರಿಗೆ ತೆರೆಯಬೇಕೆಂದು ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರ ಷರತ್ತು ಹಾಕಿದಾಗ, ನಗರಕ್ಕೆ ಆ ಅಧಿಕಾರವಿಲ್ಲವೆಂದು 2000ದಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. 2002ರಲ್ಲಿ ಅಮೆರಿಕದ ಸಂಪರ್ಕ ಆಯೋಗವಾದ ಎಫ್‌ಸಿಸಿ, ಕೇಬಲ್ ಇಂಟರ್ನೆಟ್ ಎಂಬುದು ‘ಮಾಹಿತಿ ಸೇವೆ’, ದೂರಸಂಪರ್ಕ ಸೇವೆಯಲ್ಲ, ಆದ್ದರಿಂದ ಹಂಚಿಕೊಳ್ಳುವ ಕಟ್ಟುಪಾಡು ಅದಕ್ಕೆ ಅನ್ವಯಿಸದು ಎಂದು ತೀರ್ಮಾನಿಸಿತು. ಬ್ರ್ಯಾಂಡ್ ಎಕ್ಸ್ ಮೊಕದ್ದಮೆಯಲ್ಲಿ 2005ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಇದನ್ನು ಎತ್ತಿಹಿಡಿಯಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಸ್ಕಾಲಿಯಾ, ಮನೆಗೆ ಪಿಜ್ಜಾ ತಂದುಕೊಡುವ ಅಂಗಡಿ ತಾನು ತಲುಪಿಸುವ ಸೇವೆಯನ್ನು ಕೊಡುತ್ತಿಲ್ಲವೆಂದು ವಾದಿಸುವುದಕ್ಕೆ ಇದನ್ನು ಹೋಲಿಸಿದರು. ಆ ಹೋಲಿಕೆ ಸರಿಯಾದದ್ದೆಂದೇ ನಾನು ನಂಬಿದ್ದೇನೆ. ಕೇಬಲ್‌ಗೆ ಇಲ್ಲದ ಕಟ್ಟುಪಾಡು ನಮಗೇಕೆ ಎಂದು ಟೆಲಿಫೋನ್ ಕಂಪನಿಗಳು ಕೇಳಿದವು. ಎರಡೇ ತಿಂಗಳಲ್ಲಿ, ಅದೇ ಆಗಸ್ಟ್‌ನಲ್ಲಿ, ಡಿಎಸ್‌ಎಲ್‌ಗೂ ಅದೇ ವಿನಾಯಿತಿ ದೊರೆಯಿತು. ಇಬ್ಬರನ್ನೂ ಸಮಾನವಾಗಿ ಕಾಣಬೇಕೆಂಬ ಮಾತು ನ್ಯಾಯವಾದದ್ದೇ. ಆದರೆ ಎರಡೂ ಬಾಗಿಲುಗಳನ್ನು ಸಮಾನವಾಗಿ ತೆರೆಯುವ ಬದಲು ಎರಡನ್ನೂ ಸಮಾನವಾಗಿ ಮುಚ್ಚಲಾಯಿತು.

ಯುರೋಪಿನ ಒಕ್ಕೂಟ ಇನ್ನೊಂದು ದಾರಿ ಹಿಡಿಯಿತು. 2001ರ ಜನವರಿಯಿಂದ ಹಳೆಯ ಟೆಲಿಫೋನ್ ಕಂಪನಿಗಳೆಲ್ಲ ತಮ್ಮ ತಂತಿಗಳನ್ನು ಬಾಡಿಗೆಗೆ ಕೊಡಲೇಬೇಕಾಯಿತು. ಫ್ರಾನ್ಸಿನಲ್ಲಿ ಕೇಬಲ್ ದುರ್ಬಲವಾಗಿತ್ತು; ಅಲ್ಲಿ ಪೈಪೋಟಿ ನಡೆದದ್ದು ಒಂದೇ ತಾಮ್ರದ ಮೇಲೆ ಹಲವು ಕಂಪನಿಗಳ ನಡುವೆ. ‘ಫ್ರೀ’ ಎಂಬ ಕಂಪನಿ 2002ರಲ್ಲಿ ತಿಂಗಳಿಗೆ 29.99 ಯೂರೊ ದರ ಇಟ್ಟು, ಮುಂದೆ ಅದೇ ದರದೊಳಗೆ ಟೆಲಿಫೋನನ್ನೂ ಟಿ.ವಿ.ಯನ್ನೂ ಸೇರಿಸಿದಾಗ ಉಳಿದವರೆಲ್ಲ ಅದರ ಹಿಂದೆ ಬರಬೇಕಾಯಿತು. ಬ್ರಿಟನ್ನಿನಲ್ಲಿ 2006ರಲ್ಲಿ ಬಿ.ಟಿ. ಕಂಪನಿ ತನ್ನ ತಂತಿಗಳ ಮೇಲ್ವಿಚಾರಣೆಯನ್ನು ಓಪನ್‌ರೀಚ್ ಎಂಬ ಪ್ರತ್ಯೇಕ ವಿಭಾಗಕ್ಕೆ ಒಪ್ಪಿಸಿ, ತನ್ನ ಚಿಲ್ಲರೆ ವಿಭಾಗಕ್ಕೂ ಎದುರಾಳಿಗಳಿಗೂ ಒಂದೇ ಷರತ್ತಿನಲ್ಲಿ ಕೊಡಬೇಕಾಯಿತು. ಹೀಗೆ ಬಾಡಿಗೆಗೆ ಕೊಡಬೇಕಾದರೆ ಹೊಸ ಜಾಲ ಕಟ್ಟಲು ಯಾರೂ ಮುಂದೆ ಬರುವುದಿಲ್ಲ ಎಂಬ ವಾದವಿದೆ. ಯುರೋಪಿನ ಕೆಲವೆಡೆ ಫೈಬರ್ ತಡವಾದದ್ದನ್ನು ನೋಡಿದರೆ ಅದನ್ನು ಪೂರ್ತಿ ತಳ್ಳಿಹಾಕಲಾಗದು. ಆದರೂ ಬಾಡಿಗೆಯ ನಿಯಮ ಹೋದ ಮೇಲೂ ಅಮೆರಿಕದ ಬಹಳಷ್ಟು ಊರುಗಳಲ್ಲಿ ತಾಮ್ರ ತಾಮ್ರವಾಗಿಯೇ ಉಳಿದದ್ದನ್ನು ಆ ವಾದ ವಿವರಿಸುವುದಿಲ್ಲ.

ಪ್ರಶ್ನೆ: ಕೊನೆಗೆ ಗೆದ್ದವರು ಯಾರು?

ಉತ್ತರ: ಅಮೆರಿಕದ ಮಟ್ಟಿಗೆ ಎರಡು ದಶಕಗಳ ಕಾಲ ಕೇಬಲ್. ಟೆಲಿಫೋನ್ ಕಂಪನಿಗಳ ಮುಂದೆ ಎರಡು ದಾರಿಗಳಿದ್ದವು. ವೆರೈಝನ್ 2004ರಲ್ಲಿ ಟೆಕ್ಸಸ್‌ನ ಕೆಲರ್ ಊರಿನಿಂದ ಆರಂಭಿಸಿ ಮನೆಯೊಳಗಿನವರೆಗೂ ಫೈಬರ್ ಎಳೆಯಿತು. ಎಟಿ ಆ್ಯಂಡ್ ಟಿ ಬೀದಿಯ ಪೆಟ್ಟಿಗೆಯವರೆಗೆ ಮಾತ್ರ ಫೈಬರ್ ತಂದು, ಉಳಿದ ದೂರವನ್ನು ಹಳೆಯ ತಾಮ್ರಕ್ಕೇ ಬಿಟ್ಟಿತು. ಎರಡನೆಯದು ಅಗ್ಗವೇನೋ ಹೌದು, ಆದರೆ ಡಾಕ್ಸಿಸ್ 3.0ರ ಎದುರು ಅದು ಬೇಗ ಬಸವಳಿಯಿತು. ಫೈಬರ್ ಎಳೆದ ವೆರೈಝನ್ ಕೂಡ 2010ರಲ್ಲಿ ಹೊಸ ಊರುಗಳಿಗೆ ವಿಸ್ತರಿಸುವುದನ್ನು ನಿಲ್ಲಿಸಿತು. 2011ರ ಡಿಸೆಂಬರಿನಲ್ಲಿ ಅದರ ಮೊಬೈಲ್ ಸಂಸ್ಥೆ ಕಾಮ್‌ಕಾಸ್ಟ್ ಮೊದಲಾದ ಕೇಬಲ್ ಕಂಪನಿಗಳಿಂದ ತರಂಗಾಂತರ ಕೊಂಡು, ಪರಸ್ಪರರ ಸೇವೆಗಳನ್ನು ಮಾರಿಕೊಡುವ ಒಪ್ಪಂದವನ್ನೂ ಮಾಡಿಕೊಂಡಿತು. ನಿನ್ನೆಯ ಎದುರಾಳಿಗಳು ಒಬ್ಬರ ಸರಕನ್ನು ಒಬ್ಬರು ಮಾರತೊಡಗಿದರೆ ಪೈಪೋಟಿಗೆ ಉಳಿಯುವುದೇನು? ನ್ಯಾಯ ಇಲಾಖೆ ಷರತ್ತುಗಳನ್ನು ಹಾಕಿ 2012ರಲ್ಲಿ ಅದನ್ನು ಅನುಮತಿಸಿತು.

ಮೂರನೆಯವರು ಬಂದಾಗ ಏನಾಗುತ್ತದೆಂಬುದೂ ಅದೇ ದೇಶದಲ್ಲಿ ಕಂಡಿದೆ. ಗೂಗಲ್ 2012ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಗಿಗಾಬಿಟ್ ಫೈಬರ್ ಆರಂಭಿಸಿತು. 2013ರ ಏಪ್ರಿಲ್‌ನಲ್ಲಿ ಆಸ್ಟಿನ್ ನಗರಕ್ಕೂ ಬರುವುದಾಗಿ ಹೇಳಿದ ದಿನವೇ ಎಟಿ ಆ್ಯಂಡ್ ಟಿ ತಾನೂ ಅಲ್ಲಿ ಗಿಗಾಬಿಟ್ ಜಾಲ ಕಟ್ಟುವುದಾಗಿ ಘೋಷಿಸಿತು. ಟೆನೆಸಿಯ ಚಟನೂಗ ನಗರದಲ್ಲಿ ಅಲ್ಲಿನ ಸಾರ್ವಜನಿಕ ವಿದ್ಯುತ್ ಸಂಸ್ಥೆಯೇ 2010ರಲ್ಲಿ ಊರಿಗೆಲ್ಲ ಗಿಗಾಬಿಟ್ ಕೊಟ್ಟಿತ್ತು. ತಂತಿಯ ಕಂಪನಿಗಳು ಕೊಡಲಾರೆವೆಂದದ್ದನ್ನು ದೀಪ ಹಚ್ಚುವ ಸಂಸ್ಥೆ ಮಾಡಿ ತೋರಿಸಿತು ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ತಾಮ್ರದ ಕಾಲವಂತೂ ಮುಗಿಯುತ್ತಿದೆ. ಎಫ್‌ಸಿಸಿ 2015ರಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಸೆಕೆಂಡಿಗೆ 25 ಮೆಗಾಬಿಟ್ ಡೌನ್‌ಲೋಡ್, 3 ಮೆಗಾಬಿಟ್ ಅಪ್‌ಲೋಡ್ ಇರಬೇಕೆಂದಾಗಲೇ ಹಳೆಯ ಡಿಎಸ್‌ಎಲ್ ಆ ಹೆಸರನ್ನು ಕಳೆದುಕೊಂಡಿತು; 2024ರಲ್ಲಿ ಆ ಅಂಕಿಗಳು 100 ಮತ್ತು 20ಕ್ಕೆ ಏರಿದವು. ಎಟಿ ಆ್ಯಂಡ್ ಟಿ 2020ರ ಅಕ್ಟೋಬರಿನಲ್ಲಿ ಹೊಸ ಡಿಎಸ್‌ಎಲ್ ಸಂಪರ್ಕ ಕೊಡುವುದನ್ನೇ ನಿಲ್ಲಿಸಿತು. ಈಗ ಕೇಬಲ್‌ಗೆ ಎರಡು ಕಡೆಯಿಂದ ಬಿಸಿ ತಟ್ಟುತ್ತಿದೆ: ಒಂದೆಡೆ ಟೆಲಿಫೋನ್ ಕಂಪನಿಗಳ ಫೈಬರ್, ಇನ್ನೊಂದೆಡೆ ತಂತಿಯೇ ಇಲ್ಲದೆ 5ಜಿ ಮೂಲಕ ಮನೆಗೆ ಬರುವ ಇಂಟರ್ನೆಟ್. ದೊಡ್ಡ ಕೇಬಲ್ ಕಂಪನಿಗಳು ಈಚಿನ ವರ್ಷಗಳಲ್ಲಿ ಗ್ರಾಹಕರನ್ನು ಕಳೆದುಕೊಳ್ಳುತ್ತಿರುವುದು ಇದರಿಂದಲೇ.

ಪ್ರಶ್ನೆ: ಎರಡೂ ಕಂಪನಿಗಳ ಸೇವೆ ಸಿಗುವ ಕಡೆ ನಾನಿದ್ದೇನೆ. ಆರಿಸಿಕೊಳ್ಳುವಾಗ ಏನನ್ನು ಕೇಳಬೇಕು?

ಉತ್ತರ: ‘ಫೈಬರ್’ ಎಂಬ ಮಾತು ಜಾಹೀರಾತಿನಲ್ಲಿದ್ದರೆ, ನಿಮ್ಮ ಮನೆಯ ಗೋಡೆಯೊಳಗೆ ಬರುವುದು ಗಾಜಿನ ಎಳೆಯೋ, ತಾಮ್ರವೋ ಎಂದು ನೇರವಾಗಿ ಕೇಳಿ, ಬೀದಿಯ ಪೆಟ್ಟಿಗೆಯವರೆಗೆ ಮಾತ್ರ ಫೈಬರ್ ಇದ್ದರೂ ಆ ಹೆಸರನ್ನು ಬಳಸುವವರಿದ್ದಾರೆ. ಅಪ್‌ಲೋಡ್ ವೇಗವನ್ನು ಬರಹದಲ್ಲಿ ಪಡೆಯಿರಿ. ಮೊದಲ ವರ್ಷದ ರಿಯಾಯಿತಿ ಮುಗಿದ ಮೇಲಿನ ದರವನ್ನೂ, ಮೋಡೆಮಿನ ಬಾಡಿಗೆಯನ್ನೂ ಕೂಡಿಸಿ ಹೋಲಿಸಿ. ಸಂಪರ್ಕ ಬಂದ ಮೇಲೆ ವೈ-ಫೈ ಬಿಟ್ಟು, ಮೋಡೆಮಿಗೆ ಕಂಪ್ಯೂಟರನ್ನು ತಂತಿಯಿಂದಲೇ ಜೋಡಿಸಿ, ಒಂದು ವಾರ ರಾತ್ರಿ ಎಂಟರಿಂದ ಹತ್ತರ ನಡುವೆ ವೇಗ ಅಳೆದು ಬರೆದಿಡಿ. ದೂರು ಕೊಡಬೇಕಾಗಿ ಬಂದರೆ, ‘ನಿಧಾನವಾಗಿದೆ’ ಎಂದು ಹೇಳುವುದಕ್ಕಿಂತ ದಿನಾಂಕ, ಹೊತ್ತು, ಅಂಕಿ ಇರುವ ಆ ಒಂದು ಹಾಳೆಯನ್ನು ಮುಂದಿಡಿ. ಕೋಣೆಗಳ ಕನೆಕ್ಟರುಗಳನ್ನೆಲ್ಲ ಒಮ್ಮೆ ಕೈಯಿಂದ ತಿರುಗಿಸಿ ನೋಡಿದ ಮೇಲೆ.